ಅಳೆದ ಬೆಳಕು, ಊಹಿಸಿದ ಬೆಳಕು

1856ರ ಜುಲೈ 1ರಂದು ಮದ್ರಾಸಿನ ರಾಯಪುರಂನಿಂದ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಸೇವೆ ಹೊರಟಿತು. ಅದರ ಕಿಟಕಿಗೆ ಮುಖವೊಡ್ಡಿ ಕೂತವರೂ ನಮ್ಮಂತೆ ನೋಡಿರಬೇಕು: ಹತ್ತಿರದ ಮರ ಹಿಂದಕ್ಕೋಡುತ್ತದೆ, ದೂರದ ಗುಡ್ಡ ಮೆಲ್ಲಗೆ ಜರುಗುತ್ತದೆ, ಚಂದ್ರ ಜೊತೆಗೇ ಬರುತ್ತಾನೆ. ಕಣ್ಣೆದುರಿನ ಈ ಹರಿವನ್ನು ಜೇಮ್ಸ್ ಗಿಬ್ಸನ್ 1950ರಲ್ಲಿ ಮನಶ್ಶಾಸ್ತ್ರದ ವಿಷಯವಾಗಿಸಿದರು. 1981ರಲ್ಲಿ ಹಾರ್ನ್–ಶಂಕ್ ಜೋಡಿ, ಅದೇ ವರ್ಷ ಲೂಕಸ್–ಕನಾಡೆ ಜೋಡಿ ಅದಕ್ಕೆ ಗಣಿತ ಬರೆದವು. ಆಪ್ಟಿಕಲ್ ಫ್ಲೋ ಕಂಪ್ಯೂಟರಿಗೆ ಬಂದದ್ದು ಹಾಗೆ.

ಕಿರಣಗಳ ದಿಕ್ಕನ್ನೂ ದಾಖಲಿಸಬೇಕೆನ್ನುವ ಲೈಟ್ ಫೀಲ್ಡ್ ಪಂಥದ ಹಟ ಬೇರೆ. ಕ್ಯಾಮೆರಾ ದುಂದುಗಾರ, ಒಂದು ಪಿಕ್ಸೆಲ್‌ಗೆ ಹತ್ತು ದಿಕ್ಕಿನಿಂದ ಬಂದ ಕಿರಣಗಳನ್ನು ಕೂಡಿಸಿ, ಯಾವುದು ಎಲ್ಲಿಂದ ಬಂತೆಂಬ ಲೆಕ್ಕವನ್ನೇ ಚೆಲ್ಲಿಬಿಡುತ್ತದೆ. ಆ ಲೆಕ್ಕ ಉಳಿಸಲು ಪುಟ್ಟ ಮಸೂರಗಳ ಹಾಳೆಯೊಂದನ್ನು ಲಿಪ್‌ಮನ್ 1908ರಲ್ಲೇ ಸೂಚಿಸಿದ್ದರು. ಸ್ಟ್ಯಾನ್‌ಫರ್ಡಿನಲ್ಲಿ ರೆನ್ ಎನ್‌ಜಿ ಅದನ್ನು ಕೈಯಲ್ಲಿ ಹಿಡಿಯುವ ಕ್ಯಾಮೆರಾ ಮಾಡಿದರು. 2012ರಲ್ಲಿ ಆ ಕ್ಯಾಮೆರಾ ಲೈಟ್ರೋ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು, 2018ಕ್ಕೆ ಅದರ ಕಂಪನಿಯೇ ಮುಚ್ಚಿತು. 1.1 ಕೋಟಿ ಕಿರಣ ಹಿಡಿದು ಕೊನೆಗೆ ಕೊಟ್ಟದ್ದು ಸುಮಾರು 10 ಲಕ್ಷ ಪಿಕ್ಸೆಲ್ಲಿನ ಚಿತ್ರ. ದಿಕ್ಕು ಬೇಕೆಂದರೆ ಸ್ಪಷ್ಟತೆ ತೆರಬೇಕು. ಆದರೆ ಸೋಲಿಗೆ ಅದೊಂದೇ ಕಾರಣವೆಂದು ನನಗನಿಸುವುದಿಲ್ಲ. 'ಫೋಕಸ್ ಆಮೇಲೆ ಬದಲಿಸಿ' ಎಂದು ಮಾರಿದ್ದೇ ತಪ್ಪು. ನಮ್ಮಲ್ಲಿ ಮದುವೆ ಫೋಟೋ ತೆಗೆಯುವವನಿಗೂ ಆ ತೊಂದರೆ ಅಷ್ಟಾಗಿ ಇರಲಿಲ್ಲ. ನಂತರದ ಇಲ್ಲಮ್ ಮಾದರಿ 4 ಕೋಟಿ ಕಿರಣ ಹಿಡಿಯಿತು, ಆದರೆ ವಿಡಿಯೋಗೆ ಬಳಸಿದರೆ ಸೆಕೆಂಡಿಗೆ 3 ಫ್ರೇಮ್. ರಾಯಪುರಂ ಪಕ್ಕದ ಕಾಸಿಮೇಡು ಬಂದರಿನಲ್ಲಿ ಅಷ್ಟರೊಳಗೆ ಹರಾಜು ಕೂಗುವವನ ಕೈ ಮೇಲೆದ್ದು ಇಳಿದಿರುತ್ತದೆ.

ಹರಿವಿನ ಪಂಥಕ್ಕೂ ಕಾಸಿಮೇಡು ಸುಲಭದ ಜಾಗವಲ್ಲ. ಆ ಪಂಥದ ಮೂಲ ನಂಬಿಕೆ, ಚಲಿಸಿದ ಬಿಂದುವಿನ ಹೊಳಪು ಬದಲಾಗದು ಎಂಬುದು. ಬುಟ್ಟಿ ಕೊಂಚ ಓರೆಯಾದರೆ ಒದ್ದೆ ಮೀನಿನ ಮೈಮೇಲೆ ಮಿಂಚು ಓಡುತ್ತದೆ, ಮೀನು ಇದ್ದಲ್ಲೇ ಇರುತ್ತದೆ. ದೋಣಿಯ ನುಣುಪು ಹಗ್ಗವನ್ನು ಸಣ್ಣ ಕಿಂಡಿಯಿಂದ ನೋಡಿ. ಅದು ಅಡ್ಡಕ್ಕೆ ಅಲುಗಿದ್ದು ಕಾಣುತ್ತದೆ, ಉದ್ದಕ್ಕೆ ಜಾರಿದ್ದು ಕಾಣುವುದೇ ಇಲ್ಲ. 2015ರಲ್ಲಿ ಬಂದ ಫ್ಲೋನೆಟ್ ಈ ಸಮೀಕರಣಗಳನ್ನು ಬದಿಗಿಟ್ಟು ಉದಾಹರಣೆಗಳಿಂದಲೇ ಕಲಿಯಿತು. ಎಂಥ ಉದಾಹರಣೆ? ಕಂಪ್ಯೂಟರಿನಲ್ಲಿ ಕೃತಕವಾಗಿ ಹಾರಿಸಿದ ಕುರ್ಚಿಗಳು!

ಈ ಎರಡು ಪಂಥಗಳು ಕೂಡುವುದನ್ನು ಇದೇ ಚೆನ್ನೈನ ಐಐಟಿಯಲ್ಲಿ ನೋಡಬಹುದು. ಅಲ್ಲೇ ಓದಿದ ಅಶೋಕ್ ವೀರರಾಘವನ್ 2007ರಲ್ಲಿ ಸಂಗಡಿಗರೊಂದಿಗೆ, ಮಸೂರಗಳ ಹಾಳೆಯ ಬದಲು ಚಿತ್ತಾರದ ಮುಸುಕೊಂದನ್ನಿಟ್ಟು ಕಿರಣಗಳ ದಿಕ್ಕು ಹಿಡಿದು ತೋರಿಸಿದರು. ಅದು ಅಳತೆಯ ದಾರಿ. ಈಗ ಅಲ್ಲಿ ಪ್ರಾಧ್ಯಾಪಕರಾಗಿರುವ ಕೌಶಿಕ್ ಮಿತ್ರ ಅವರ ತಂಡ 2021ರಲ್ಲಿ ಜೋಡಿ ಕ್ಯಾಮೆರಾದ ವಿಡಿಯೋದಿಂದ, 2022ರಲ್ಲಿ ಒಂದೇ ಕ್ಯಾಮೆರಾದ ವಿಡಿಯೋದಿಂದ ಲೈಟ್ ಫೀಲ್ಡ್ ವಿಡಿಯೋ ಕಟ್ಟಿತು. ನರಜಾಲಕ್ಕೆ (ನ್ಯೂರಲ್ ನೆಟ್ವರ್ಕ್) ಕಲಿಸಲು ಬೇಕಾದ ಅಸಲಿ ಲೈಟ್ ಫೀಲ್ಡ್ ವಿಡಿಯೋ ಸಿಗುವುದೇ ಅಪರೂಪ. ಹಾಗಾಗಿ ಕೋನದಿಂದ ಕೋನಕ್ಕೆ ಆಳದ ನಕ್ಷೆ, ಫ್ರೇಮಿನಿಂದ ಫ್ರೇಮಿಗೆ ಆಪ್ಟಿಕಲ್ ಫ್ಲೋ ತಾಳೆ ನೋಡುತ್ತವೆ.

ಜಾಣತನದ ಕೆಲಸವೇ, ಅನುಮಾನವಿಲ್ಲ. ತಕರಾರಿರುವುದು ಪರೀಕ್ಷಕರ ಬಗ್ಗೆ. ಇಲ್ಲಿ ತಾಳೆ ನೋಡುವ ಫ್ಲೋ ಕೂಡ ಕಲಿತು ಊಹಿಸಿದ್ದೇ, ಆಳದ ನಕ್ಷೆಯೂ ಹಾಗೆಯೇ. ಗುರುವಿನ ಅಂದಾಜನ್ನು ಶಿಷ್ಯ ಅಳತೆಯೆಂದು ಒಪ್ಪಿಸುವ ಅಪಾಯವಿದೆ. ಮರದ ಹಿಂದೆ ಮರೆಯಾದದ್ದು ರೈಲು ಮುಂದೆ ಸಾಗಿದರೆ ಕಾಣುತ್ತದೆ. ಅಷ್ಟರಮಟ್ಟಿಗೆ ಚಲನೆ ಕೋನದ ಕೊರತೆ ತುಂಬೀತು. ಕ್ಯಾಮೆರಾ ಕದಲದೆ ನಿಂತರೆ ಮರೆಯಲ್ಲಿದ್ದದ್ದನ್ನು ನರಜಾಲ ತಾನೇ ಬಣ್ಣ ಹಚ್ಚಿ ತೋರಿಸುತ್ತದೆ. ನೋಡುವವನಿಗೆ ಹಿಡಿದದ್ದು ಯಾವುದು, ಬಿಡಿಸಿದ್ದು ಯಾವುದು ಎಂಬ ಗುರುತಿರುವುದಿಲ್ಲ. ಮನರಂಜನೆಗೆ ನಡೆದೀತು, ಅಳತೆಯ ಕೆಲಸಕ್ಕೆ ನಡೆಯದು.

ಈ ವಿಧಾನಗಳನ್ನೆಲ್ಲ ಒಂದು ಬೆಳಗಿನ ಜಾವ ಕಾಸಿಮೇಡಿಗೆ ಒಯ್ಯಬೇಕೆಂದು ನನ್ನಾಸೆ. ಒದ್ದೆ ನೆಲ, ಬಲ್ಬಿನ ಬೆಳಕು, ಬಲೆಯ ಕಣ್ಣು, ಜಾರುವ ಹಗ್ಗ, ಮಂಜುಗಡ್ಡೆ ಎಲ್ಲವೂ ಅಲ್ಲಿವೆ, ಹಾರುವ ಕುರ್ಚಿಯೊಂದನ್ನು ಬಿಟ್ಟು.