ಆರೈಕೆಯನ್ನು ನಿಮಿಷಗಳಲ್ಲಿ ಅಳೆಯಬಹುದೇ?

ಜಪಾನಿನಲ್ಲಿ ವಯಸ್ಸಾದವರೊಬ್ಬರು ತಮಗೆ ದಿನನಿತ್ಯದ ಆರೈಕೆ ಬೇಕೆಂದು ಅರ್ಜಿ ಸಲ್ಲಿಸಿದರೆ, ಸ್ಥಳೀಯ ಆಡಳಿತದ ಪರಿವೀಕ್ಷಕರು ಬಂದು 74 ಅಂಶಗಳನ್ನು ಪರಿಶೀಲಿಸುತ್ತಾರೆ. ತಾವಾಗಿ ಮಗ್ಗುಲಾಗಬಲ್ಲರೆ? ಒಂಟಿ ಕಾಲಲ್ಲಿ ನಿಲ್ಲಬಲ್ಲರೆ? ಹುಟ್ಟಿದ ದಿನ ಹೇಳಬಲ್ಲರೆ? ಉತ್ತರಗಳನ್ನು ಕಂಪ್ಯೂಟರಿಗೆ ಊಡಿಸಿದಾಗ ಅದು ಕೊಡುವುದು ಒಂದು ಕಾಲಾವಧಿ: ಇವರಿಗೆ ದಿನಕ್ಕೆ ಇಷ್ಟು ನಿಮಿಷಗಳ ಆರೈಕೆ. ಅದು 50ರಿಂದ 70 ನಿಮಿಷವಾದರೆ ಎರಡನೆಯ ಹಂತ, 70ರಿಂದ 90 ಆದರೆ ಮೂರನೆಯದು, 110 ಮತ್ತು ಅದಕ್ಕೂ ಹೆಚ್ಚಾದರೆ ಐದನೆಯದು, ಅಂದರೆ ಕೊನೆಯದು. ತಜ್ಞರ ಸಮಿತಿಯೊಂದು ವೈದ್ಯರ ಅಭಿಪ್ರಾಯವನ್ನೂ ನೋಡಿ ಹಂತವನ್ನು ಖಚಿತಪಡಿಸುತ್ತದೆ. ಈ ನಿಮಿಷಗಳು ಎಲ್ಲಿಂದ ಬಂದವು, ಅವು ನಿಜವಾಗಿ ಏನನ್ನು ಅಳೆಯುತ್ತವೆ ಎಂಬುದು ಇಲ್ಲಿಯ ಪ್ರಶ್ನೆ.

ಹಿನ್ನೆಲೆ ಸ್ವಲ್ಪ ತಿಳಿದಿರಲಿ. ಜಪಾನ್ 1961ರಲ್ಲೇ ತನ್ನ ಪ್ರಜೆಗಳೆಲ್ಲರನ್ನೂ ಆರೋಗ್ಯ ವಿಮೆಯ ವ್ಯಾಪ್ತಿಗೆ ತಂದಿತು. 1973ರಲ್ಲಿ 70 ದಾಟಿದವರ ಚಿಕಿತ್ಸೆ ಉಚಿತವಾಯಿತು. ಆಗ, ಚಿಕಿತ್ಸೆ ಅಗತ್ಯವಿಲ್ಲದಿದ್ದರೂ ನೋಡಿಕೊಳ್ಳುವವರಿಲ್ಲದ ವೃದ್ಧರು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲೇ ಉಳಿಯತೊಡಗಿದರು. ಇದಕ್ಕೆ ‘ಸಾಮಾಜಿಕ ಆಸ್ಪತ್ರೆವಾಸ’ ಎಂಬ ಹೆಸರೇ ಬಿತ್ತು. ಆರೈಕೆಯ ಹೊರೆಯನ್ನು ಆರೋಗ್ಯ ವಿಮೆಯಿಂದ ಬೇರ್ಪಡಿಸಲು 1997ರಲ್ಲಿ ದೀರ್ಘಾವಧಿ ಆರೈಕೆ ವಿಮೆಯ ಕಾಯಿದೆಯಾಗಿ, 2000ದ ಏಪ್ರಿಲ್‌ನಲ್ಲಿ ಅದು ಜಾರಿಗೆ ಬಂತು. 40 ದಾಟಿದವರು ಕಂತು ಕಟ್ಟುತ್ತಾರೆ. ಅರ್ಧದಷ್ಟು ಹಣ ತೆರಿಗೆಯಿಂದ ಬರುತ್ತದೆ. ಅದಕ್ಕೆ ಮೊದಲು ಯಾರಿಗೆ ನೆರವು ಎಂಬುದು ಅಧಿಕಾರಿಗಳ ವಿವೇಚನೆಗೆ ಬಿಟ್ಟದ್ದಾಗಿತ್ತು. ಈಗ ಅದು ಕಂತು ಕಟ್ಟಿದವರ ಹಕ್ಕು. ಹಕ್ಕಾದ ಮೇಲೆ ಎಲ್ಲರಿಗೂ ಒಂದೇ ಅಳತೆಗೋಲು ಬೇಕು. ಇಷ್ಟರಮಟ್ಟಿಗೆ ಯೋಜಕರು ಹೋದ ದಾರಿ ಸರಿಯೇ.

ಅಳತೆಗೋಲನ್ನು ತಯಾರಿಸಿದ ಬಗೆ ಹೀಗಿದೆ. ವೃದ್ಧರ ಆರೈಕೆ ನಿಲಯಗಳಲ್ಲಿ ಹಾಗೂ ಅಂಥವೇ ಆಸ್ಪತ್ರೆಗಳಲ್ಲಿದ್ದ ಸುಮಾರು 3,500 ಮಂದಿಗೆ 48 ಗಂಟೆಗಳ ಕಾಲ ಸಿಬ್ಬಂದಿ ಯಾವ ಸೇವೆಯನ್ನು ಎಷ್ಟು ಹೊತ್ತು ಮಾಡಿದರೆಂದು ದಾಖಲಿಸಿದರು. ಆ ವ್ಯಕ್ತಿಗಳ ಶಕ್ತಿ-ಅಶಕ್ತಿಗಳನ್ನೂ ಗುರುತಿಸಿಕೊಂಡರು. ಎರಡನ್ನೂ ಹೊಂದಿಸಿ ಕವಲೊಡೆಯುವ ಮರದಂಥ ಸಂಖ್ಯಾಶಾಸ್ತ್ರೀಯ ಮಾದರಿಯನ್ನು ಕಟ್ಟಿದರು: ನಡೆಯಬಲ್ಲವರು ಒಂದು ಕೊಂಬೆಗೆ, ನಡೆಯಲಾರದವರು ಇನ್ನೊಂದಕ್ಕೆ. ಹೀಗೆ ಸಾಗಿ ತುದಿಯ ಎಲೆಯಲ್ಲಿ ಒಂದಷ್ಟು ನಿಮಿಷ. ಲೆಕ್ಕದಲ್ಲಿ ಕೊರತೆ ಇಲ್ಲ. ತೊಡಕಿರುವುದು ದತ್ತಾಂಶದಲ್ಲಿ.

ಮೊದಲನೆಯದಾಗಿ, ದಾಖಲಾದದ್ದು ಕೊಟ್ಟ ಆರೈಕೆ; ಬೇಕಾಗಿದ್ದ ಆರೈಕೆಯಲ್ಲ. ಸಿಬ್ಬಂದಿ ಕಡಿಮೆಯಿರುವಲ್ಲಿ ನಿಮಿಷಗಳೂ ಕಡಿಮೆ. ಇದು ನ್ಯಾಯಬೆಲೆ ಅಂಗಡಿಯಲ್ಲಿ ಕೊಟ್ಟ ಅಕ್ಕಿಯನ್ನು ತೂಗಿ ಮನೆಮಂದಿಯ ಹಸಿವು ಇಷ್ಟೇ ಎಂದಂತಾಯಿತು. ಎರಡನೆಯದಾಗಿ, ನಿಲಯದ ಅಳತೆ ಮನೆಗೆ ಹೊಂದುವುದೆ? ನಿಲಯದಲ್ಲಿ ಗೋಡೆಗೆ ಹಿಡಿಕೆ, ಸಮತಟ್ಟು ನೆಲ, ಕರೆದರೆ ಬರುವ ಜನ. ಮನೆಯಲ್ಲಿ ಕಡಿದಾದ ಮೆಟ್ಟಿಲು, ಜೊತೆಗೆ ಅಷ್ಟೇ ವಯಸ್ಸಾದ ಹೆಂಡತಿ. ದತ್ತಾಂಶದ ವ್ಯಾಪ್ತಿಯಾಚೆಗೆ ರೇಖೆಯನ್ನು ಎಳೆಯುವಾಗ ಎಚ್ಚರ ಬೇಕೆಂದು ನಾವು ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಹೇಳುವುದು ಇದನ್ನೇ ಅಲ್ಲವೆ?

ಮೂರನೆಯದು ಹೆಚ್ಚು ಗಂಭೀರ. ಮರೆಗುಳಿ ರೋಗವಿದ್ದು ಕೈಕಾಲು ಗಟ್ಟಿಯಿರುವ ವ್ಯಕ್ತಿಯನ್ನು ಯೋಚಿಸಿ. ಆತನನ್ನು ಎತ್ತಿ ಕೂರಿಸಬೇಕಿಲ್ಲ, ಉಣಿಸಬೇಕಿಲ್ಲ. ಆದರೆ ಒಲೆ ಹಚ್ಚಿ ಮರೆಯಬಹುದು, ಬಾಗಿಲು ತೆರೆದು ಹೊರಟುಬಿಡಬಹುದು. ಕಣ್ಣಿಟ್ಟು ಕಾಯುವುದು ಗಡಿಯಾರಕ್ಕೆ ಸುಲಭವಾಗಿ ಸಿಗುವ ಕೆಲಸವಲ್ಲ. ಇಂಥವರ ಹಂತ ಕೆಳಗೆ ಬೀಳುತ್ತದೆಂಬ ದೂರು ಮೊದಲಿನಿಂದಲೂ ಇತ್ತು. 2003ರಲ್ಲೂ 2009ರಲ್ಲೂ ಲೆಕ್ಕದ ಕ್ರಮವನ್ನು ಪರಿಷ್ಕರಿಸಿದರು. ಜಪಾನಿನ ಜಾಡಿನಲ್ಲೇ 2008ರ ಜುಲೈಯಲ್ಲಿ ಆರೈಕೆ ವಿಮೆ ಆರಂಭಿಸಿದ ದಕ್ಷಿಣ ಕೊರಿಯವೂ 2014ರಲ್ಲಿ ಮರೆಗುಳಿ ಇರುವವರಿಗೆಂದೇ ಹೊಸ ದರ್ಜೆಯೊಂದನ್ನು ಸೇರಿಸಬೇಕಾಯಿತು.

ಜಪಾನ್ ಸರ್ಕಾರದ ಸಮರ್ಥನೆಯೂ ಇದೆ. ಈ ನಿಮಿಷಗಳು ಮನೆಯಲ್ಲಿ ತಗಲುವ ನಿಜವಾದ ಸಮಯವಲ್ಲ, ಹೋಲಿಕೆಗೆ ಬಳಸುವ ಮಾನಕ ಮಾತ್ರ ಎನ್ನುತ್ತದೆ ಅದು. ಹಾಗಿದ್ದಲ್ಲಿ ಅದನ್ನು ನಿಮಿಷವೆಂದು ಏಕೆ ಕರೆಯಬೇಕು? ಅದಿರಲಿ, ಗಡಿಯಲ್ಲಿ ಏನಾಗುತ್ತದೆ ನೋಡಿ. 2019ರ ಅಕ್ಟೋಬರ್‌ನ ದರದಂತೆ ಎರಡನೆಯ ಹಂತದವರು ತಿಂಗಳಿಗೆ ಪಡೆಯಬಹುದಾದ ಮನೆಸೇವೆಯ ಮಿತಿ 19,705 ಘಟಕಗಳು, ಮೂರನೆಯ ಹಂತದವರಿಗೆ 27,048. ಒಂದು ಘಟಕಕ್ಕೆ ಸುಮಾರು 10 ಯೆನ್. ಅಲ್ಲದೆ 2015ರ ಏಪ್ರಿಲ್‌ನಿಂದ ಸಾರ್ವಜನಿಕ ನೆರವಿನ ವಿಶೇಷ ಆರೈಕೆ ನಿಲಯಗಳಿಗೆ ಹೊಸದಾಗಿ ಸೇರಲು ಸಾಮಾನ್ಯವಾಗಿ ಮೂರನೆಯ ಹಂತ ಬೇಕು. 69 ನಿಮಿಷದವರು ಹೊರಗೆ, 70 ನಿಮಿಷದವರು ಒಳಗೆ! ತಜ್ಞರ ಸಮಿತಿ ಹಂತವನ್ನು ಬದಲಿಸಬಹುದು, ನಿಜ. ಆದರೆ ಅದು ಹೊರಡುವುದು ಕಂಪ್ಯೂಟರಿನ ಅಂಕೆಯಿಂದಲೇ.

2009ರ ಏಪ್ರಿಲ್‌ನಲ್ಲಿ ಅಳತೆಗೋಲು ಬದಲಾದಾಗ ಹಂತಗಳು ಹಗುರವಾಗಿ ಬರುತ್ತಿವೆ ಎಂಬ ಕೂಗೆದ್ದಿತು. ಬಯಸಿದವರಿಗೆ ಹಳೆಯ ಹಂತವನ್ನೇ ಉಳಿಸಿಕೊಳ್ಳಲು ಅವಕಾಶ ಕೊಟ್ಟು, ಅಕ್ಟೋಬರ್‌ನಲ್ಲಿ 74ರ ಪೈಕಿ 43 ಅಂಶಗಳ ವ್ಯಾಖ್ಯೆಯನ್ನು ತಿದ್ದಿದರು. ವೃದ್ಧರು ಅವರೇ, ಕಾಲು ಬೇನೆಯೂ ಅದೇ, ಬದಲಾದದ್ದು ಅಳತೆಗೋಲು. ಹಂತದ ಇಳಿಕೆಯನ್ನೇ ಆರೋಗ್ಯದ ಸುಧಾರಣೆಯೆಂದು ಎಣಿಸುವ ಯಾವುದೇ ಸಂಶೋಧನೆಯನ್ನು ಓದುವಾಗ, ಅದರ ದತ್ತಾಂಶ 2009ನ್ನು ದಾಟಿದೆಯೇ ಎಂದು ಮೊದಲು ನೋಡಬೇಕು. ಬಿ.ಎಡ್. ಓದಿನಲ್ಲಿ ಬರುವ ವಿಶ್ವಸನೀಯತೆ ಮತ್ತು ಸಪ್ರಮಾಣತೆಗಳ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1995ರಲ್ಲಿ ಆರೈಕೆ ವಿಮೆಯನ್ನು ತಂದ ಜರ್ಮನಿಯೂ ಮೊದಲು ನಿಮಿಷಗಳನ್ನೇ ಎಣಿಸುತ್ತಿತ್ತು: ತಲೆ ಬಾಚಲು 1ರಿಂದ 3 ನಿಮಿಷ, ಹಲ್ಲುಜ್ಜಿಸಲು 5. ದಿನಕ್ಕೆ ಸರಾಸರಿ 90 ನಿಮಿಷವಾದರೂ ಆಗದಿದ್ದರೆ ಮೊದಲ ಹಂತವೂ ಇಲ್ಲ. 2017ರ ಜನವರಿ 1ರಿಂದ ಅದು ನಿಮಿಷಗಳನ್ನು ಕೈಬಿಟ್ಟಿತು. ಈಗ ಕೇಳುವುದು ವ್ಯಕ್ತಿ ಯಾವುದನ್ನು ಎಷ್ಟರಮಟ್ಟಿಗೆ ಸ್ವತಂತ್ರವಾಗಿ ಮಾಡಬಲ್ಲರು ಎಂದು. ಬಂದ ಅಂಕಗಳಿಂದ ಐದು ದರ್ಜೆಗಳು. ಗಡಿಯಾರಕ್ಕಿಂತ ಇದು ಖಂಡಿತ ಮೇಲು. ಹಾಗೆಂದು ಇಲ್ಲಿಯೂ ಎಲ್ಲವೂ ಮಾಪನವಲ್ಲ. ಸ್ನಾನ, ಉಡುಪು, ಊಟದಂಥ ಸ್ವಂತ ಆರೈಕೆಗೆ ಶೇ. 40ರ ತೂಕ, ಅದು ಶಾಸನದಲ್ಲಿ ಬರೆದಿಟ್ಟ ಅಂಕೆ, ಯಾವ ಉಪಕರಣವೂ ತೋರಿಸಿದ್ದಲ್ಲ. ಅರಿವು ಮತ್ತು ವರ್ತನೆ ಎಂಬ ಎರಡು ಭಾಗಗಳಲ್ಲಿ ಹೆಚ್ಚು ಅಂಕ ಬಂದ ಒಂದನ್ನಷ್ಟೇ ಹಿಡಿದು ಅದಕ್ಕೆ ಶೇ. 15 ಕೊಡುತ್ತಾರೆ. ನೆನಪೂ ಹೋಗಿ, ರಾತ್ರಿಯೆಲ್ಲ ಎದ್ದು ಅಲೆಯುವವರ ವಿಷಯದಲ್ಲಿ ಮನೆಯವರು ಎರಡನ್ನೂ ನಿಭಾಯಿಸುತ್ತಾರೆ; ಲೆಕ್ಕಕ್ಕೆ ಬರುವುದು ಒಂದೇ.