ಬೇಲೂರಿನ ಮುಖ, ಬ್ರೆಸ್ಸನ್‌ನ ಕೈ

ಫ್ರೆಂಚ್ ನಿರ್ದೇಶಕ ರಾಬರ್ಟ್ ಬ್ರೆಸ್ಸನ್‌ನ (1901–1999) ಸಿನಿಮಾ ತೋರಿಸಿದಾಗಲೆಲ್ಲ ಗೆಳೆಯರಿಂದ ನಾನು ಕೇಳುವ ದೂರು ಒಂದೇ: ಇಲ್ಲಿ ಯಾರೂ ನಟಿಸುವುದೇ ಇಲ್ಲ. ದೂರು ನಿಜ. ಆರಂಭದ ಚಿತ್ರಗಳ ನಂತರ ಆತ ವೃತ್ತಿನಟರನ್ನು ಕೈಬಿಟ್ಟ. ನಟನೆಯ ಗಂಧವಿಲ್ಲದವರನ್ನು ಕರೆತಂದು, ಅವರನ್ನು ‘ಮಾಡೆಲ್’ ಎಂದು ಕರೆದು, ಭಾವವೆಲ್ಲ ಸೋರಿಹೋಗುವಷ್ಟು ಸಲ ಒಂದೇ ದೃಶ್ಯವನ್ನು ಮಾಡಿಸುತ್ತಿದ್ದ. ಮುಖದಲ್ಲಿ ನವರಸ ಹುಡುಕುವ ನಮಗೆ ಇದು ಬರಡೆನಿಸುವುದು ಸಹಜ.

ಈ ದೂರಿಗೆ ನನಗೆ ಉತ್ತರ ಸಿಕ್ಕಿದ್ದು ಬೇಲೂರಿನಲ್ಲಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯಕ್ಕೂ ಬ್ರೆಸ್ಸನ್‌ನ ಬೋಳು ಗೋಡೆಗಳಿಗೂ ಏನು ನಂಟು ಎಂದು ಕೇಳಬಹುದು. ಆದರೆ ಆಭರಣಗಳಿಂದ ಕಣ್ಣು ಕಿತ್ತು ಮದನಿಕೆಯರ ಮುಖಗಳನ್ನಷ್ಟೇ ನೋಡಿ. ಕನ್ನಡಿ ಹಿಡಿದವಳು, ಗಿಳಿಯೊಡನೆ ನಿಂತವಳು, ಕುಣಿಯುವವಳು, ಎಲ್ಲರದೂ ಹೆಚ್ಚುಕಡಿಮೆ ಒಂದೇ ಶಾಂತ ಮುಖ. ಅವಳು ಯಾರು, ಏನು ಮಾಡುತ್ತಿದ್ದಾಳೆ ಎಂಬುದನ್ನು ಹೇಳುವುದು ಬೆರಳು, ಮಣಿಕಟ್ಟು, ಸೊಂಟದ ಬಾಗು.

‘ಪಿಕ್‌ಪಾಕೆಟ್’ (1959) ಚಿತ್ರದ ಮಿಶೆಲ್ ಕೂಡ ಹೀಗೆಯೇ. ಅವನ ಮುಖ ಏನನ್ನೂ ಬಿಟ್ಟುಕೊಡುವುದಿಲ್ಲ. ರೈಲು ನಿಲ್ದಾಣದಲ್ಲಿ ಪರ್ಸು ಕೈಯಿಂದ ಕೈಗೆ ದಾಟುವಾಗ ಅವನ ಆಸೆ, ಭಯ, ಸೊಕ್ಕು ಎಲ್ಲ ಬೆರಳಿಗಿಳಿದಿರುತ್ತವೆ. ‘ಎ ಮ್ಯಾನ್ ಎಸ್ಕೇಪ್ಡ್’ (1956) ಚಿತ್ರದಲ್ಲಿ ಖೈದಿ ಪಾರಾಗುತ್ತಾನೆಂದು ಹೆಸರೇ ಹೇಳಿಬಿಡುತ್ತದೆ. ಆದರೂ ಮಸೆದ ಚಮಚದಿಂದ ಬಾಗಿಲ ಹಲಗೆ ಬಿಡಿಸುವ ಕೈಯನ್ನು ನಾವು ಉಸಿರು ಬಿಗಿಹಿಡಿದು ನೋಡುತ್ತೇವೆ. ಕೊನೆಗೆ ಅವನು ರೈಲಿನ ಸದ್ದಿನ ಮರೆಯಲ್ಲಿ ಜಲ್ಲಿಯ ಮೇಲೆ ಹೆಜ್ಜೆಯಿಡುತ್ತಾನೆ. ಆ ಸದ್ದು ಎಷ್ಟು ಹೊತ್ತು ಆಸರೆಯಾಗಬಲ್ಲದು ಎಂಬುದು ಅರಸೀಕೆರೆಯಂಥ ಜಂಕ್ಷನ್ ಊರಿನವರಿಗೆ ಕಿವಿಯಿಂದಲೇ ಗೊತ್ತು.

ಹೋಲಿಕೆಯನ್ನು ಇನ್ನೂ ಎಳೆದರೆ ಹರಿಯುತ್ತದೆ. ಹಳೇಬೀಡಿನ ಗೋಡೆ ಆನೆ, ಕುದುರೆ, ರಾಮಾಯಣ, ಮಹಾಭಾರತಗಳಿಂದ ತುಂಬಿಕೊಳ್ಳುತ್ತ ಹೋಗುತ್ತದೆ. ಬ್ರೆಸ್ಸನ್ ಖಾಲಿ ಮಾಡುತ್ತ ಹೋಗುತ್ತಾನೆ. ಅವನಿಗೆ ಹೆಚ್ಚು ಹತ್ತಿರದ್ದು ಅರಸೀಕೆರೆಯ ಶಿವಾಲಯ. ಅಲ್ಲಿ ಮೂರ್ತಿಶಿಲ್ಪ ಕಡಿಮೆ. ನಕ್ಷತ್ರಾಕಾರದ ಮಂಟಪದ ಮೂಲೆಗಳೇ ನೆರಳು ಬೆಳಕಿನ ಆಟವಾಡುತ್ತವೆ.

ಇದು ಬರೀ ಶೈಲಿಯ ಮಾತಲ್ಲ. ‘ಮುಷೆಟ್’ (1967) ಚಿತ್ರದ ಕೊನೆಯಲ್ಲಿ ಹುಡುಗಿ ಇಳಿಜಾರಿನಲ್ಲಿ ಉರುಳುತ್ತಾಳೆ, ಎದ್ದು ಬಂದು ಮತ್ತೆ ಉರುಳುತ್ತಾಳೆ. ಮೂರನೆಯ ಸಲ ಕೇಳುವುದು ನೀರಿನ ಸದ್ದು. ಕಣ್ಣೀರಿನ ಕ್ಲೋಸಪ್ ಇಲ್ಲ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ನೆನಪಾಗುತ್ತದೆ. ಪ್ರಭಾವದ ಮಾತಾಡುತ್ತಿಲ್ಲ, ಸಂಯಮದ ಮಾತು. ವಿಧವೆ ಯಮುನಾಳ ನೋವನ್ನು ನಾವು ಕಾಣುವುದು, ಅದನ್ನು ಪೂರ್ತಿ ಅರಿಯಲಾಗದ ಬಾಲಕ ನಾಣಿಯ ಕಣ್ಣಿನಿಂದ. ಅವನಿಗೆ ತಿಳಿಯದ್ದನ್ನು ಸಿನಿಮಾ ನಮಗೆ ಬಿಡಿಸಿ ಹೇಳುವುದಿಲ್ಲ.

ಅಳುವವರ ಮುಖಕ್ಕೆ ಕ್ಯಾಮೆರಾ ನುಗ್ಗಿಸುವುದು ನಮ್ಮ ಧಾರಾವಾಹಿಗಳಿಗೂ ಸುದ್ದಿವಾಹಿನಿಗಳಿಗೂ ದಿನನಿತ್ಯದ ಅಭ್ಯಾಸ. ನೋಡುವ ನಮಗೂ ಅದೇ ಅಭ್ಯಾಸವಾಗಿದೆ. ಬ್ರೆಸ್ಸನ್‌ನನ್ನು ನೋಡುವುದು ಕಷ್ಟವಾಗುವುದು ಅದಕ್ಕೇ: ಇನ್ನೊಬ್ಬರ ದುಃಖವನ್ನು ಅವರಿಗೇ ಬಿಟ್ಟು, ಪಕ್ಕದಲ್ಲಿ ಸುಮ್ಮನೆ ಕೂರುವಂತೆ ಆತ ಕೇಳುತ್ತಾನೆ.