ಹೊತ್ತು ಮುಳುಗುವಾಗ ಅರಳುವ ಹೂಗಳು

ನರ್ಸರಿಗೆ ನಾವು ಹೋಗುವುದು ಬೆಳಿಗ್ಗೆ. ಆ ಹೊತ್ತಿನಲ್ಲಿ ಕಣ್ಣು ಸೆಳೆಯುವುದು ದಾಸವಾಳ, ಗುಲಾಬಿ, ಬೋಗನ್‌ವಿಲ್ಲಾ. ಮೊಗ್ಗು ಮುಚ್ಚಿಕೊಂಡು ಮೂಲೆಯಲ್ಲಿ ನಿಂತ ಸಂಜೆಮಲ್ಲಿಗೆ, ಬಡಕಲು ರಾತ್ರಿರಾಣಿಗಳನ್ನು ಯಾರೂ ಕೇಳುವುದಿಲ್ಲ. ಆದರೆ ಕೆಲಸಕ್ಕೆ ಹೋಗುವವರು ಮನೆ ಸೇರುವಾಗ ದೀಪ ಹಚ್ಚುವ ಹೊತ್ತು ದಾಟಿರುತ್ತದೆ. ಬೆಳಿಗ್ಗೆ ಅರಳಿದ ದಾಸವಾಳ ಅಷ್ಟರಲ್ಲಿ ಮುದುಡಿರುತ್ತದೆ. ನೀವು ಮನೆಯಲ್ಲಿರುವ ಹೊತ್ತಿಗೆ ಅರಳುವ ಹೂವನ್ನೇ ಬೆಳೆಸಿ ಎನ್ನುವುದು ನನ್ನ ಮೊದಲ ಮಾತು. ಯಾವ ಹೂವಿಗೆ ಯಾವ ಹೊತ್ತು ಎಂದು ತಿಳಿದುಕೊಳ್ಳಿ ಎನ್ನುವುದು ಎರಡನೆಯದು. ಸಂಜೆಯ ಹೂಗಳನ್ನು ಸವಿಯುವ ವಿದ್ಯೆಯೆಲ್ಲ ಹೆಚ್ಚುಕಡಿಮೆ ಈ ಎರಡನೇ ಮಾತಿನಲ್ಲೇ ಇದೆ.

ಸಂಜೆಮಲ್ಲಿಗೆಯಿಂದ ಶುರುಮಾಡಿ. ಕಾಸು ಖರ್ಚಿಲ್ಲ. ಯಾರದ್ದಾದರೂ ಕಾಂಪೌಂಡಿನ ಪಕ್ಕ ಬೆಳೆದಿರುತ್ತದೆ; ಕೇಳಿದರೆ ಬೀಜ ಕೊಡುತ್ತಾರೆ, ಥೇಟ್ ಕಾಳುಮೆಣಸಿನ ಹಾಗೆ ಕಪ್ಪಗೆ ಸುಕ್ಕುಗಟ್ಟಿದ ಬೀಜ. ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಊರಿದರೆ ಸಾಕು. ಅರ್ಧ ದಿನದ ಬಿಸಿಲು, ನೀರು ನಿಲ್ಲದ ಮಣ್ಣು ಸಿಕ್ಕರೆ ಬೇರೇನೂ ಕೇಳದ ಗಿಡ. ಕೆಳಗೆ ಗೆಡ್ಡೆ ಕಟ್ಟುವುದರಿಂದ ಬೇಸಿಗೆಯಲ್ಲಿ ಒಣಗಿದಂತೆ ಕಂಡರೂ ಮಳೆ ಬಿದ್ದ ಕೂಡಲೇ ಚಿಗುರುತ್ತದೆ. ಒಂದು ಎಚ್ಚರಿಕೆ ಮಾತ್ರ ಇದೆ: ಬೀಜ, ಗೆಡ್ಡೆ ಎರಡೂ ವಿಷ. ಕಂಡದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿದ್ದರೆ ಉದುರಿದ ಬೀಜವನ್ನು ಗುಡಿಸಿ ತೆಗೆಯಿರಿ.

ರಜೆಯ ದಿನ ನಾಲ್ಕೂವರೆಗೆ ಅದರ ಮುಂದೆ ಒಂದು ಮಣೆ ಹಾಕಿಕೊಂಡು ಕೂರಿ. ಒಂದೇ ಮೊಗ್ಗನ್ನು ಆರಿಸಿಕೊಳ್ಳಿ. ಅದರ ಅಂಚುಗಳು ಒಂದರ ಮೇಲೊಂದು ತಿರುಚಿಕೊಂಡಿರುತ್ತವೆ. ತಿರುಚು ಸಡಿಲವಾಗಿ, ಐದು ಮೂಲೆಗಳು ಬಿಡಿಸಿಕೊಂಡು, ಒಳಗೆ ಸುರುಳಿ ಸುತ್ತಿದ್ದ ಕೇಸರಗಳು ನೆಟ್ಟಗಾಗುತ್ತಾ ಹೊರಗೆ ಚಾಚುತ್ತವೆ. ನಾವು ಎಸಳು ಎಂದು ಭಾವಿಸುವ ಆ ಬಣ್ಣದ ಭಾಗ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಎಸಳೇ ಅಲ್ಲ, ಪುಷ್ಪಪಾತ್ರೆ. ಮರುದಿನ ಬೆಳಿಗ್ಗೆ ಅದೇ ಹೂವನ್ನು ನೋಡಿ: ಕೇಸರಗಳು ಮತ್ತೆ ಸುರುಳಿ ಸುತ್ತಿಕೊಂಡು, ಶಲಾಕೆಯ ತುದಿಗೆ ತಮ್ಮ ಪರಾಗವನ್ನು ತಾವೇ ಸವರುತ್ತಿರುತ್ತವೆ. ರಾತ್ರಿ ಯಾವ ಪತಂಗವೂ ಬಾರದಿದ್ದರೂ ಬೀಜ ಕಟ್ಟಬೇಕಲ್ಲ. ಮೋಡ ಕವಿದ ದಿನ ಹೂ ಬೇಗ ಅರಳುತ್ತದೆ, ಹೆಚ್ಚು ಹೊತ್ತು ಉಳಿಯುತ್ತದೆ. ಕೆಲವು ಗಿಡಗಳಲ್ಲಿ ಒಂದೇ ಹೂವಿನಲ್ಲಿ ಹಳದಿ, ಗುಲಾಬಿ ಎರಡೂ ಪಟ್ಟೆಪಟ್ಟೆಯಾಗಿ ಬರುತ್ತವೆ. ಅಂಥ ಗಿಡದ ಬೀಜವನ್ನು ಬೇರೆಯಾಗಿ ಎತ್ತಿಡಿ. ಹಿತ್ತಲ ಗಿಡವೆಂದು ಹಗುರ ಮಾಡಬೇಡಿ. 1909ರಲ್ಲಿ ಜರ್ಮನಿಯ ವಿಜ್ಞಾನಿ ಕಾರ್ಲ್ ಕೊರೆನ್ಸ್, ಎಲೆಯ ಮೇಲಿನ ಬಿಳಿ ಮಚ್ಚೆ ತಾಯಿಗಿಡದ ಕಡೆಯಿಂದಲೇ ಸಂತಾನಕ್ಕೆ ಇಳಿಯುತ್ತದೆ ಎಂದು ತೋರಿಸಿಕೊಟ್ಟದ್ದು ಇದೇ ಸಂಜೆಮಲ್ಲಿಗೆಯಲ್ಲಿ.

ಇದರ ಪರಿಮಳ ತೆಳು, ಕೈಗೆಟಕುವಷ್ಟು ಹತ್ತಿರ ಹೋದರೆ ಮಾತ್ರ ಸಿಗುವಂಥದ್ದು. ರಾತ್ರಿರಾಣಿ ಇದಕ್ಕೆ ತೀರಾ ವಿರುದ್ಧ. ಬದನೆ, ಟೊಮೆಟೊ ಕುಟುಂಬದ ಈ ಪೊದೆಯ ತೆಳುಹಸಿರು ಹೂಗಳಲ್ಲಿ ನೋಡುವಂಥದ್ದು ಏನೂ ಇಲ್ಲ. ಆದರೆ ಎಂಟು ಗಂಟೆಯ ಮೇಲೆ ಅದರ ಪರಿಮಳ ಬೀದಿ ತುಂಬುತ್ತದೆ. ಮೂಗು ಹತ್ತಿರ ಒಯ್ಯಬೇಡಿ. ಹತ್ತು ಹೆಜ್ಜೆ ದೂರದಲ್ಲಿ ನಿಂತು, ಗಾಳಿ ತಂದುಕೊಟ್ಟಷ್ಟನ್ನು ತೆಗೆದುಕೊಳ್ಳಿ. ಮಲಗುವ ಕೋಣೆಯ ಕಿಟಕಿಯ ಕೆಳಗೆ ನೆಟ್ಟರೆ ಕೆಲವರಿಗೆ ತಲೆನೋವು ಬರುತ್ತದೆ. ಗೇಟಿನ ಬಳಿ ಒಂದು ಗಿಡ ಸಾಕು. ಹೂ ಬಿಡುವುದು ಹೊಸ ಚಿಗುರಿನಲ್ಲಿ, ಹಾಗಾಗಿ ಒಂದು ಸುತ್ತು ಹೂ ಮುಗಿದ ಮೇಲೆ ಟೊಂಗೆಗಳನ್ನು ಧೈರ್ಯವಾಗಿ ಕತ್ತರಿಸಿ. ಇದರ ವಾಸನೆಗೆ ಹಾವು ಬರುತ್ತದೆ ಎನ್ನುವವರಿದ್ದಾರೆ. ಹಾವಿಗೆ ಹೂವಿನಿಂದ ಏನೂ ಆಗಬೇಕಿಲ್ಲ. ಬುಡದಲ್ಲಿ ಕಸಕಡ್ಡಿ ಬೆಳೆಯಲು ಬಿಡದಿದ್ದರೆ ಆಯಿತು.

ಕತ್ತಲಾದ ಮೇಲೆ ಒಂದು ಕೆಲಸ ಮಾಡಿ: ಅಂಗಳದ ಬಲ್ಬು ಆರಿಸಿ. ಈ ಹೂಗಳಲ್ಲಿ ಬಹುಪಾಲು ಬಿಳಿ ಅಥವಾ ತೆಳುಬಣ್ಣದವು, ಉದ್ದ ಕೊಳವೆಯವು, ಸಂಜೆಯ ನಂತರ ಘಮ್ಮೆನ್ನುವವು; ಇದೆಲ್ಲ ಪತಂಗಗಳಿಗಾಗಿ ಆದ ಏರ್ಪಾಡು. ದೀಪ ಉರಿಯುತ್ತಿದ್ದರೆ ಪತಂಗ ಹೂ ಬಿಟ್ಟು ದೀಪಕ್ಕೆ ಸುತ್ತುತ್ತದೆ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿಕೊಂಡು ಕಾದರೆ, ಹೂವಿನ ಮೇಲೆ ಕೂರದೆ ಗಾಳಿಯಲ್ಲೇ ನಿಂತು ಉದ್ದನೆಯ ನಾಲಿಗೆ ಇಳಿಬಿಡುವ ದಪ್ಪ ಪತಂಗ ಕಾಣಬಹುದು. ಅದರ ಮರಿಯೇ ಎಲೆ ತಿನ್ನುವ ಹಸಿರು ಹುಳು. ನಾಲ್ಕು ಎಲೆ ಹೋದರೆ ಹೋಗಲಿ, ಔಷಧಿ ಹೊಡೆಯಬೇಡಿ.

ಇನ್ನು ಬ್ರಹ್ಮಕಮಲ. ಹಿಮಾಲಯದ ಬ್ರಹ್ಮಕಮಲ ಬೇರೆಯೇ ಗಿಡ. ನಮ್ಮ ಮನೆಗಳಲ್ಲಿರುವುದು ಮೆಕ್ಸಿಕೊ, ಗ್ವಾಟೆಮಾಲಾ ಕಡೆಯ ಕಾಡಿನಲ್ಲಿ ಮರಗಳ ಮೇಲೆ ಬೆಳೆಯುವ ಕಳ್ಳಿ. ಇದನ್ನು ನೆನಪಿಟ್ಟರೆ ಆರೈಕೆಯೆಲ್ಲ ತಾನಾಗಿ ತಿಳಿಯುತ್ತದೆ: ನೆತ್ತಿಯ ಬಿಸಿಲು ಬೇಡ, ಬೆಳಕು ಬೇಕು, ಜಿಗುಟು ಮಣ್ಣು ಬೇಡ, ಎಲೆಗೊಬ್ಬರ, ಮರಳು, ತೆಂಗಿನ ನಾರಿನ ಪುಡಿ ಬೆರೆಸಿದ ಸಡಿಲ ಮಣ್ಣು ಬೇಕು. ಎಲೆಯಂತೆ ಕಾಣುವುದು ಚಪ್ಪಟೆಯಾದ ಕಾಂಡ. ಅದರ ಒಂದು ತುಂಡನ್ನು ನೆರಳಿನಲ್ಲಿಟ್ಟು, ಕತ್ತರಿಸಿದ ಗಾಯ ಒಣಗಿದ ಮೇಲೆ ನೆಡಿ. ಹೂವಿಗೆ ಎರಡು ಮೂರು ವರ್ಷ ಕಾಯಬೇಕಾದೀತು. ಮಳೆಗಾಲದಲ್ಲಿ ಕಾಂಡದ ಅಂಚಿನಲ್ಲಿ ಮೊಗ್ಗು ಮೂಡಿ ಮೊದಲು ಕೆಳಗೆ ಜೋತುಬೀಳುತ್ತದೆ, ದಿನ ಕಳೆದಂತೆ ಕೊಕ್ಕೆಯಾಗಿ ಮೇಲಕ್ಕೆ ತಿರುಗುತ್ತದೆ. ಈ ದಿನಗಳಲ್ಲಿ ಕುಂಡವನ್ನು ಅತ್ತಿತ್ತ ಸರಿಸಬೇಡಿ, ಮೊಗ್ಗು ಉದುರಬಹುದು. ಮೊಗ್ಗು ಉಬ್ಬಿ, ಹೊರಗಿನ ಕಂದುಗೆಂಪು ದಳಗಳು ಸಂಜೆಗೇ ಸಡಿಲವಾದರೆ ಇವತ್ತೇ ಎಂದರ್ಥ. ಆಗಲೇ ಅಕ್ಕಪಕ್ಕದವರಿಗೆ ಫೋನ್ ಮಾಡಿ. ಒಂಬತ್ತಕ್ಕೆ ಬಾಯಿ ಬಿಟ್ಟದ್ದು ನಡುರಾತ್ರಿಯ ಹೊತ್ತಿಗೆ ಪೂರ್ತಿ ತೆರೆದಿರುತ್ತದೆ. ಬರೀ ಫೋಟೊ ತೆಗೆದುಕೊಂಡು ಹೋಗಬೇಡಿ. ಒಳಗೆ ಬಗ್ಗಿ ನೋಡಿ. ನೂರಾರು ಕೇಸರಗಳ ನಡುವಿನಿಂದ ಬೆಳ್ಳಗಿನ ಶಲಾಕೆ ಮುಂದೆ ಬಂದು, ತುದಿಯಲ್ಲಿ ನಕ್ಷತ್ರದಂತೆ ಸೀಳಿರುತ್ತದೆ. ಬೆಳಕು ಹರಿಯುವಷ್ಟರಲ್ಲಿ ಇಡೀ ಹೂ ಸೋತು ಜೋಲುತ್ತದೆ.

ಸುಗಂಧರಾಜಕ್ಕೆ ಹೆಚ್ಚು ಮಾತು ಬೇಡ. ಪರಿಮಳ ಬೇಕಾದವರು ಒಂಟಿ ಸುತ್ತಿನದನ್ನೇ ಕೊಳ್ಳಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಜ್ವಲ್ ತಳಿ ಒಳ್ಳೆಯದು, ಮೊಗ್ಗಿನಲ್ಲಿ ಎಳೆಗುಲಾಬಿ ಛಾಯೆ ಇರುತ್ತದೆ. ಕಡ್ಡಿಯ ಬುಡದಿಂದ ಮೇಲಕ್ಕೆ ಒಂದೊಂದಾಗಿ ಅರಳುವುದರಿಂದ ಒಂದೇ ಕಡ್ಡಿ ಎಷ್ಟೋ ಸಂಜೆಗಳಿಗೆ ಬರುತ್ತದೆ.

ಮಲ್ಲಿಗೆಯನ್ನು ಅರಳಿದ ಮೇಲೆ ಕೀಳುವುದು ತಡವಾಯಿತು. ಉಡುಪಿ ಬಳಿಯ ಶಂಕರಪುರದಲ್ಲಿ ಬೆಳೆಗಾರರು ಬೆಳಗಿನಲ್ಲೇ ಮೊಗ್ಗು ಕೊಯ್ದು ಕಟ್ಟುತ್ತಾರೆ, ಅದು ಮುಡಿದವರ ತಲೆಯ ಮೇಲೆ ಸಂಜೆಗೆ ಬಿರಿಯುತ್ತದೆ. ನೀವೂ ತುಂಬಿದ ಮೊಗ್ಗುಗಳನ್ನು ಸಂಜೆಯ ಮುಂಚೆ ಬಿಡಿಸಿ, ಒದ್ದೆ ಬಟ್ಟೆ ಹಾಸಿದ ತಟ್ಟೆಯಲ್ಲಿಟ್ಟು ಊಟದ ಮೇಜಿನ ಮೇಲಿಡಿ.

ಪಾರಿಜಾತ ಮಾತ್ರ ಎರಡು ಹೊತ್ತಿನ ಹೂ: ಕತ್ತಲಾದ ಮೇಲೆ ಅರಳುವುದನ್ನು ನೋಡಬೇಕು, ನಸುಕಿನಲ್ಲಿ ಉದುರುವುದನ್ನು ಆರಿಸಬೇಕು. ಮಳೆಗಾಲದ ಕೊನೆಯಿಂದ ನವರಾತ್ರಿ ದಾಟುವವರೆಗೆ ಬುಡಕ್ಕೆ ಹಳೆಯ ಪಂಚೆಯೊಂದನ್ನು ಹಾಸಿಡಿ. ಬೇಸಿಗೆಯಲ್ಲಿ ಎಲೆ ಉದುರಿಸಿದ ಗಿಡವನ್ನು ಸತ್ತಿತೆಂದು ಕೀಳಬೇಡಿ.

ಬಾಲ್ಕನಿ ಮಾತ್ರ ಇರುವವರು ಇದನ್ನೆಲ್ಲ ತುಂಬಲು ಹೋಗದೆ ಎರಡನ್ನು ಆರಿಸಿಕೊಳ್ಳಿ. ಬಿಸಿಲು ಬೀಳುವ ಕಡೆ ಮಲ್ಲಿಗೆ ಅಥವಾ ಸಂಜೆಮಲ್ಲಿಗೆ, ಗೋಡೆಯ ನೆರಳಿನಲ್ಲಿ ಬ್ರಹ್ಮಕಮಲ. ಸಂಜೆ ಕಾಫಿ ಕುಡಿಯುವ ಕುರ್ಚಿ ಎಲ್ಲಿದೆಯೋ ಅದಕ್ಕೆ ಗಾಳಿ ಬೀಸಿ ಬರುವ ದಿಕ್ಕಿಗೆ ಕುಂಡ ಇಡಿ. ಕುರ್ಚಿಗೆ ಬೇರೆ ಜಾಗವಿದ್ದರೆ ಕುರ್ಚಿಯನ್ನೇ ಸರಿಸಿ.